ಶಾಲೆಗೆ ಯಂತ್ರ ತರುವ ಮೊದಲು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ನೆನಪಿಗೆ ನಮ್ಮೂರಿನ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕು ಎಂದು ಆಡಳಿತ ಮಂಡಳಿ ತೀರ್ಮಾನಿಸಿರುವುದು ಬಹಳ ಸಂತೋಷದ ವಿಷಯ. ದೊಡ್ಡ ಸ್ಮಾರ್ಟ್ ಬೋರ್ಡ್ ಒಂದು, ಮಕ್ಕಳಿಗೆ ಟ್ಯಾಬ್‌ಗಳು, ಇವುಗಳ ಮಾತು ಸಭೆಯಲ್ಲಿ ಬಂದಿದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಹೋದರೆ ಶಾಲೆಗಳ ಜಾಹೀರಾತಿನಲ್ಲಿ ಇವೇ ಎದ್ದು ಕಾಣುತ್ತವೆ. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ನಮ್ಮೂರಿಗೂ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಊರ ಶಾಲೆಯಲ್ಲಿ ಉಳಿದವರಲ್ಲಿ ಕೂಲಿಗೆ ಬಂದವರ ಮಕ್ಕಳು, ಸಣ್ಣ ಹಿಡುವಳಿದಾರರ ಮಕ್ಕಳೇ ಹೆಚ್ಚು. ಆದ್ದರಿಂದ ಈ ಹಣ ಹೇಗೆ ಖರ್ಚಾಗುತ್ತದೆ ಅನ್ನೋದು ಸಣ್ಣ ಮಾತಲ್ಲ. ಹಣ ಒಂದೇ ಸಲ ಇರುವುದು. ಆ ಮಕ್ಕಳ ಐದನೇ ತರಗತಿಯೂ ಒಂದೇ ಸಲ ಬರುವುದು.

ಯಂತ್ರ ಬೇಡ ಎಂದು ಹೇಳಲು ನಾನು ಎದ್ದು ನಿಂತಿಲ್ಲ. ಮಗು ಹೇಗೆ ಕಲಿಯುತ್ತದೆ ಎಂಬುದನ್ನು ಮೊದಲು ತಿಳಿದು, ಆಮೇಲೆ ಯಂತ್ರದ ಅಂಗಡಿಗೆ ಹೋಗೋಣ ಎಂಬುದಷ್ಟೇ ನನ್ನ ವಿನಂತಿ.

ಪ್ರಯೋಗದ ತಾಕು

ಕಲಿಕೆಯ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. ನಮ್ಮ ಕಾಲದಲ್ಲಿ ಏಟು ಕೊಡ್ತಿದ್ರು, ಅದಕ್ಕೇ ಕಲಿತೆವು ಅಂತಾರೆ ಒಬ್ಬರು. ಮಗ್ಗಿ ಬಾಯಿಪಾಠ ಮಾಡಿಸಿದರೆ ಸಾಕು ಅಂತಾರೆ ಇನ್ನೊಬ್ಬರು. ಯಾವುದು ನಿಜ ಎಂದು ತಿಳಿಯುವುದು ಹೇಗೆ?

ರೈತರಾದ ನಿಮಗೆ ಇದರ ದಾರಿ ಗೊತ್ತಿದೆ. ಪಕ್ಕದ ಜಿ.ಕೆ.ವಿ.ಕೆ.ಯಲ್ಲಿ ರಾಗಿಯ ಹೊಸ ತಳಿ ಬಂದರೆ ವಿಜ್ಞಾನಿಗಳು ಅದನ್ನು ಬಾಯಿಮಾತಿನಲ್ಲಿ ಹೊಗಳಿ ಬಿಡುವುದಿಲ್ಲ. ಒಂದೇ ಹೊಲವನ್ನು ಸಣ್ಣ ತಾಕುಗಳಾಗಿ ಮಾಡಿ, ಯಾವ ತಾಕಿಗೆ ಯಾವ ತಳಿ ಎಂದು ಚೀಟಿ ಎತ್ತಿದ ಹಾಗೆ ಹಂಚಿ, ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು, ಕೊಯ್ಲಿನಲ್ಲಿ ತೂಕ ಮಾಡುತ್ತಾರೆ. ಒಳ್ಳೆಯ ಮಣ್ಣಿನ ಲಾಭ ಒಂದೇ ತಳಿಗೆ ಸಿಗಬಾರದು ಎಂಬುದೇ ಚೀಟಿ ಎತ್ತುವುದರ ಗುಟ್ಟು. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಆರ್.ಎ. ಫಿಶರ್ ಎಂಬ ವಿದ್ವಾಂಸರು ಈ ಪದ್ಧತಿಗೆ ಗಟ್ಟಿ ತಳಹದಿ ಹಾಕಿದರು.

ಅದೇ ಪದ್ಧತಿ ಈಗ ಶಾಲೆಗೂ ಬಂದಿದೆ. ಕೆಲವು ಶಾಲೆಗಳಿಗೆ ಹೊಸ ಕ್ರಮ, ಕೆಲವಕ್ಕೆ ಹಳೆಯ ಕ್ರಮ, ಹಂಚಿಕೆ ಚೀಟಿಯಿಂದ. ವರ್ಷದ ಕೊನೆಗೆ ಎರಡೂ ಕಡೆಯ ಮಕ್ಕಳಿಗೆ ಒಂದೇ ಪರೀಕ್ಷೆ. ಬಡತನದ ಪ್ರಶ್ನೆಗಳಿಗೆ ಹೀಗೆ ಪ್ರಯೋಗದ ಮೂಲಕ ಉತ್ತರ ಹುಡುಕಿದ್ದಕ್ಕೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಮುಂದೆ ನಾನು ಹೇಳುವುದರಲ್ಲಿ ಹೆಚ್ಚಿನದು ಹೀಗೆ ತೂಕ ಮಾಡಿ ನೋಡಿದ ಮಾತು.

ಓದಿದ್ದು ಉಳಿಯುವುದು ಹೇಗೆ?

ಮೊದಲನೆಯದು ಮರೆವಿನ ವಿಚಾರ. 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಕೆಲವು ಗಂಟೆ, ಮೊದಲ ಕೆಲವು ದಿನಗಳಲ್ಲೇ ಬೇಗ ಬೇಗ ಸೋರಿಹೋಗುತ್ತದೆ ಎಂದು ತೋರಿಸಿದ. ಮರೆಯುವುದು ದಡ್ಡತನವಲ್ಲ, ಎಲ್ಲ ತಲೆಯ ಗುಣವೂ ಅದೇ.

ಹಾಗಾದರೆ ಉಳಿಸಿಕೊಳ್ಳುವುದು ಹೇಗೆ? ಮತ್ತೆ ಮತ್ತೆ ಓದುವುದು ಎಂದು ನಾವೆಲ್ಲ ಹೇಳುತ್ತೇವೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪಿಗೆ ಒಂದು ಸಲ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟು ಬರೆಯಿರಿ ಎಂದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಅವರು ನೂರಕ್ಕೆ 81, ಇವರು 75. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿಬಿಟ್ಟಿತ್ತು. ಎರಡು ಸಲ ಓದಿದವರಿಗೆ 42 ಉಳಿದಿತ್ತು, ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ 56 ಉಳಿದಿತ್ತು.

ಇದರ ಅರ್ಥ ನೋಡಿ. ತಲೆಗೆ ತುಂಬುವುದಕ್ಕಿಂತ ತಲೆಯಿಂದ ತೆಗೆಯುವ ಶ್ರಮದಲ್ಲಿ ಕಲಿಕೆ ಗಟ್ಟಿಯಾಗುತ್ತದೆ. ಹಾಗೆ ತೆಗೆಸುವುದು ಕೂಡ ದಿನಗಳ ಅಂತರ ಕೊಟ್ಟಾಗಲೇ ಹೆಚ್ಚು ಫಲ. ಒಂದೇ ದಿನ ಹತ್ತು ಕೊಡ ನೀರು ಸುರಿದರೆ ತೆಂಗಿನ ಸಸಿ ಬೆಳೆಯುವುದಿಲ್ಲವಲ್ಲ, ಹಾಗೆ.

ತರಗತಿಯಲ್ಲಿ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೇಷ್ಟ್ರು ಬಂದ ಕೂಡಲೇ ಹೊಸ ಪಾಠ ಶುರು ಮಾಡದೆ ಮೂರು ಪ್ರಶ್ನೆ ಕೇಳಲಿ: ನಿನ್ನೆಯದು ಒಂದು, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು. ಎಲ್ಲ ಮಕ್ಕಳೂ ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸಲಿ. ಕೈ ಎತ್ತುವ ಆ ನಾಲ್ಕು ಜನ ಜಾಣರಿಗೆ ಮಾತ್ರ ಕೇಳಿದರೆ ನೆನಪಿಸಿಕೊಳ್ಳುವ ಶ್ರಮ ಆ ನಾಲ್ಕು ಜನರದ್ದೇ ಆಗುತ್ತದೆ. ಇದಕ್ಕೆ ಅಂಕ ಕೊಡುವುದು ಬೇಡ, ಬೈಯುವುದೂ ಬೇಡ. ತಪ್ಪಿದ್ದರೆ ಅಲ್ಲೇ ತಿದ್ದಿದರೆ ಆಯಿತು.

ಮನೆಯಲ್ಲಿ ತಾಯಂದಿರೂ ಇದನ್ನು ಮಾಡಬಹುದು. ನೀವು ಓದಿರಬೇಕಾಗಿಲ್ಲ. ಹಾಲು ಕರೆಯುತ್ತಾ, ಸೊಪ್ಪು ಬಿಡಿಸುತ್ತಾ, "ಏನಪ್ಪಾ, ಇವತ್ತು ಮೇಷ್ಟ್ರು ಏನು ಹೇಳಿಕೊಟ್ರು? ನನಗೂ ಹೇಳು ನೋಡೋಣ" ಅನ್ನಿ. ಮಗು ಪುಸ್ತಕ ನೋಡದೆ ಹೇಳಿದರೆ ಅಷ್ಟೇ ಸಾಕು, ಅದು ದೊಡ್ಡ ಪಾಠ.

ಮಗು ನಿಂತ ಜಾಗದಿಂದ

ಎರಡನೆಯ ಮಾತು, ಪಾಠ ಎಲ್ಲಿಂದ ಆರಂಭವಾಗಬೇಕು ಎಂಬುದು. ಐದನೇ ತರಗತಿಯಲ್ಲಿ ಕುಳಿತ ಮಗುವೆಲ್ಲ ಐದನೇ ತರಗತಿಯ ಮಟ್ಟದಲ್ಲಿ ಇರುವುದಿಲ್ಲ. ಕೆಲವರಿಗೆ ಒತ್ತಕ್ಷರ ಬರದು, ಕೆಲವರಿಗೆ ದಶಕ ಕಡ ತೆಗೆದುಕೊಳ್ಳುವ ಕಳೆಯುವ ಲೆಕ್ಕ ಬರದು. ಪುಸ್ತಕ ಮಾತ್ರ ಭಾಗಾಕಾರಕ್ಕೆ ಹೋಗಿಬಿಟ್ಟಿರುತ್ತದೆ.

ಕೊರೊನಾ ಕಾಲದಲ್ಲಿ ಈ ಬಿರುಕು ಇನ್ನೂ ಅಗಲವಾಯಿತು. 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಯ ಬಾಗಿಲು ನಮ್ಮ ರಾಜ್ಯದ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪೂರ್ತಿ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಅಜೀಂ ಪ್ರೇಮ್‌ಜಿ ಸಂಸ್ಥೆಯವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರಿಶೀಲಿಸಿದಾಗ, ನೂರಕ್ಕೆ 92 ಮಕ್ಕಳು ಹಿಂದೆ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ಆ ಲೆಕ್ಕ 82. ಇದನ್ನು ಸರಿಪಡಿಸಲೆಂದೇ ಸರ್ಕಾರ 2022-23ರಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮ ತಂದಿತು.

ನಿಂತ ಜಾಗದಿಂದ ಕಲಿಸುವ ವಿಚಾರ ನಮ್ಮ ನಾಡಿಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಕ್ರಮವನ್ನು ಕಂಡು ಬಂದ ನಮ್ಮ ಶಿಕ್ಷಕರೇ, ಯುನಿಸೆಫ್ ನೆರವಿನಿಂದ, ಕಾರ್ಡುಗಳನ್ನು ಕನ್ನಡದಲ್ಲಿ ರೂಪಿಸಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ; ಜ್ವರ ಬಂದು ವಾರ ತಪ್ಪಿಸಿಕೊಂಡರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಇಲ್ಲಿ ನಾವು ಮರೆಯಬಾರದ ವಿಷಯ, ಈ ಕ್ರಮದ ಜೀವ ಕಾರ್ಡಿನಲ್ಲಿಲ್ಲ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಪ್ರತಿದಿನ ನೋಡುವ ಶಿಕ್ಷಕರ ಕಣ್ಣಿನಲ್ಲಿದೆ.

ಇನ್ನೊಂದು ಪ್ರಯೋಗ ಗುಜರಾತಿನ ವಡೋದರಾ ಮತ್ತು ಮುಂಬೈಯದು. 2001ರಿಂದ 2003ರವರೆಗೆ 'ಪ್ರಥಮ್' ಸಂಸ್ಥೆಯವರು ಮೂರು, ನಾಲ್ಕನೇ ತರಗತಿಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಅದೇ ಊರಿನ, ಅದೇ ಬೀದಿಯ ಓದಿದ ಹೆಣ್ಣುಮಕ್ಕಳನ್ನು ನೇಮಿಸಿದರು. ಅವರಿಗೆ 'ಬಾಲಸಖಿ' ಎಂದು ಹೆಸರು. ಶಾಲೆಯ ವೇಳೆಯಲ್ಲೇ ದಿನಕ್ಕೆ ಎರಡು ಗಂಟೆ, ಸುಮಾರು ಇಪ್ಪತ್ತು ಮಕ್ಕಳನ್ನು ಬೇರೆ ಕೂರಿಸಿ, ಅಕ್ಷರ, ಎಣಿಕೆ, ಕೂಡುವುದು, ಕಳೆಯುವುದು, ಇಷ್ಟೇ. ಚೀಟಿ ಎತ್ತಿ ಮಾಡಿದ ಪರೀಕ್ಷೆಯಲ್ಲಿ ಮಕ್ಕಳ ಅಂಕ ಚೆನ್ನಾಗಿ ಏರಿತ್ತು. ತೀರಾ ಹಿಂದೆ ಬಿದ್ದಿದ್ದ ಮಕ್ಕಳಿಗೇ ಹೆಚ್ಚು ಲಾಭವಾಗಿತ್ತು.

ಡೈರಿಯ ಲೆಕ್ಕ, ಸ್ಲೇಟಿನ ಲೆಕ್ಕ

ಮೂರನೆಯದು ನಮ್ಮ ಸಂಘಕ್ಕೇ ಹತ್ತಿರವಾದ ವಿಷಯ. ಬೆಳಿಗ್ಗೆ ಡೈರಿಗೆ ಕ್ಯಾನ್ ತರುವ ಹುಡುಗನನ್ನು ಕೇಳಿ. ಲೀಟರಿಗೆ 36 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಾಲ್ಕೂವರೆ ಲೀಟರಿಗೆ ಎಷ್ಟು? "ನಾಲ್ಕಕ್ಕೆ 144, ಅರ್ಧಕ್ಕೆ 18, ಒಟ್ಟು 162" ಎಂದು ಕ್ಯಾನ್ ಕೆಳಗಿಡುವುದರೊಳಗೆ ಹೇಳುತ್ತಾನೆ. ಅದೇ ಹುಡುಗನಿಗೆ ಸ್ಲೇಟಿನ ಮೇಲೆ 4.5 ಗುಣಿಸು 36 ಎಂದು ಕೊಟ್ಟರೆ 1620 ಎಂದು ಬರೆದು, ನಿಮ್ಮ ಮುಖ ನೋಡುತ್ತಾ ನಿಲ್ಲಬಹುದು.

ಇದು ನಮ್ಮೂರ ಹುಡುಗರ ಕಥೆ ಮಾತ್ರವಲ್ಲ. 1985ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಐವರು ಮಕ್ಕಳನ್ನು ಸಂಶೋಧಕರು ಹೀಗೆಯೇ ನೋಡಿದರು. ವ್ಯಾಪಾರದಲ್ಲಿ ಕೇಳಿದ ಲೆಕ್ಕ ನೂರಕ್ಕೆ 98 ಸರಿ. ಅದೇ ಅಂಕಿಗಳನ್ನು ಕಾಗದದ ಮೇಲೆ ಬರಿ ಲೆಕ್ಕವಾಗಿ ಕೊಟ್ಟಾಗ ನೂರಕ್ಕೆ 37 ಸರಿ. ನಮ್ಮ ದೇಶದಲ್ಲೇ ಬ್ಯಾನರ್ಜಿ, ಡುಫ್ಲೊ ಮತ್ತವರ ಜೊತೆಗಾರರು ದೆಹಲಿ ಮತ್ತು ಕೋಲ್ಕತ್ತದ ಸಂತೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ವರದಿ ಪ್ರಕಟಿಸಿದರು. ಸಂತೆಯ ಮಕ್ಕಳು ಕಷ್ಟದ ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ, ಪುಸ್ತಕದ ಸುಲಭ ಲೆಕ್ಕಕ್ಕೆ ತಡವರಿಸುತ್ತಾರೆ. ಬರಿ ಶಾಲೆಗೆ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಮಾಡುತ್ತಾರೆ, ಸಂತೆಯ ಲೆಕ್ಕಕ್ಕೆ ತಡವರಿಸುತ್ತಾರೆ.

ಅಂದರೆ ಒಂದೇ ಊರಿನಲ್ಲಿ ಎರಡು ಲೆಕ್ಕ ಇವೆ, ನಡುವೆ ಸೇತುವೆ ಇಲ್ಲ. ಆ ಸೇತುವೆ ತಾನಾಗಿ ಆಗುವುದಿಲ್ಲ, ಯಾರಾದರೂ ಕಟ್ಟಬೇಕು. ಹೇಗೆ? ಹುಡುಗ ಬಾಯಲ್ಲಿ ಹೇಳಿದ್ದನ್ನೇ ಹಲಗೆಯ ಮೇಲೆ ಬರೆಯಿರಿ. 4 ಗುಣಿಸು 36, 144. ಅರ್ಧ ಗುಣಿಸು 36, 18. ಕೂಡಿದರೆ 162. ಈಗ ಪಕ್ಕದಲ್ಲಿ ಪುಸ್ತಕದ ರೀತಿ: 45 ಗುಣಿಸು 36, 1620, ಬಿಂದುವಿನ ಮುಂದೆ ಒಂದು ಸ್ಥಾನ ಇರುವುದರಿಂದ 162.0. "ನಾಲ್ಕೂವರೆ ಲೀಟರ್ ಹಾಲಿಗೆ ಯಾರಾದರೂ 1620 ರೂಪಾಯಿ ಕೊಡ್ತಾರೇನೋ?" ಎಂದು ಕೇಳಿ. ಇಡೀ ತರಗತಿ ನಗುತ್ತದೆ. ಆ ನಗುವಿನಲ್ಲಿ ದಶಮಾಂಶ ಬಿಂದು ಎಲ್ಲಿ ಇಡಬೇಕು ಎಂಬುದು ಮನಸ್ಸಿಗೆ ಇಳಿಯುತ್ತದೆ. ಇನ್ನು ಮುಂದೆ ಉತ್ತರ ಬರೆಯುವ ಮೊದಲು ಅಂದಾಜು ಮಾಡುವ ಅಭ್ಯಾಸವೂ ಬರುತ್ತದೆ.

ಯಂತ್ರ ಮಾಡಿದ್ದೇನು?

ಈಗ ಯಂತ್ರದ ವಿಚಾರಕ್ಕೆ ಬರೋಣ. ಇದೂ ನಮಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ನಮ್ಮ ಇಸ್ರೋದವರು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಪಾಠ ಕಳಿಸಿದರು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಒಂದು ವರ್ಷಕ್ಕೆ ಉಪಗ್ರಹದ ಗಡುವು ಮುಗಿಯಿತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಹಾರಿತು. ನಮ್ಮ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಪಾಠ ಬಂತು. 2010ರಲ್ಲಿ ಆ ಉಪಗ್ರಹದ ಸೇವೆಯೂ ಮುಗಿಯಿತು. ಯಂತ್ರಕ್ಕೆ ಆಯಸ್ಸಿದೆ ಎಂಬುದನ್ನು ಹಣ ಹಾಕುವವರು ನೆನಪಿಡಬೇಕು.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್ ಹಂಚಿದರು. 319 ಶಾಲೆಗಳಲ್ಲಿ ಪರಿಶೀಲಿಸಿ 2012ರಲ್ಲಿ ವರದಿ ಬಂದಾಗ, ಗಣಿತದಲ್ಲೂ ಭಾಷೆಯಲ್ಲೂ ಏರಿಕೆ ಕಂಡುಬರಲಿಲ್ಲ. ಪಾಠಕ್ಕೆ ಸಂಬಂಧವಿಲ್ಲದ ಬಣ್ಣ, ಸಂಗೀತ, ಕುಣಿತ ಸೇರಿಸಿದರೆ ಕಲಿಕೆ ಹೆಚ್ಚುವ ಬದಲು ಕಡಿಮೆಯಾಗುತ್ತದೆ ಎಂದು ರಿಚರ್ಡ್ ಮೇಯರ್ ಎಂಬ ವಿದ್ವಾಂಸರ ಪ್ರಯೋಗಗಳೂ ತೋರಿಸಿವೆ.

ಹಾಗಂತ ಯಂತ್ರ ದಂಡ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಅದೇ ವಡೋದರಾದಲ್ಲಿ ನಾಲ್ಕನೇ ತರಗತಿಯ ಮಕ್ಕಳು ಒಂದು ಕಂಪ್ಯೂಟರಿಗೆ ಇಬ್ಬರಂತೆ ಕುಳಿತು ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿದರು. ಆಟ ಅವರ ಮಟ್ಟಕ್ಕೆ ಹೊಂದಿಕೊಳ್ಳುತ್ತಿತ್ತು. ಗಣಿತದ ಅಂಕ ಚೆನ್ನಾಗಿ ಏರಿತು. ವರ್ಷ ಬಿಟ್ಟು ನೋಡಿದಾಗ ಅದರಲ್ಲಿ ಹೆಚ್ಚಿನ ಭಾಗ ಇಳಿದಿತ್ತು. 2015ರಲ್ಲಿ ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ಕಂಪ್ಯೂಟರ್ ಪಾಠವನ್ನು ಪರೀಕ್ಷಿಸಿದರು. ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ವರ್ಷ ಹಿಂದಿರುವುದು ಅಲ್ಲಿ ಕಂಡಿತು. ಯಂತ್ರ ಪ್ರತಿ ಮಗುವಿಗೂ ಅದರ ಮಟ್ಟದ ಪ್ರಶ್ನೆ ಕೇಳಿ, ತಪ್ಪು ಯಾವ ಬಗೆಯದು ಎಂದು ನೋಡಿ, ಮುಂದಿನ ಪ್ರಶ್ನೆ ಕೊಡುತ್ತಿತ್ತು. ಜೊತೆಗೆ ಸಣ್ಣ ಗುಂಪಿಗೆ ಒಬ್ಬರು ಕಲಿಸುವವರೂ ಇದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಏರಿಕೆ ಬಂತು.

ಪೆರುವಿನಲ್ಲಿ ಸೋತದ್ದು ದೆಹಲಿಯಲ್ಲಿ ಏಕೆ ಗೆದ್ದಿತು? ಒಂದು ಕಡೆ ಯಂತ್ರ ಹಂಚಿದರು. ಇನ್ನೊಂದು ಕಡೆ ಮಗು ನಿಂತ ಜಾಗ ಹುಡುಕಿ, ಕೇಳಿ, ತಿದ್ದಿದರು. ನಮ್ಮ ಡೈರಿಗೆ ಫ್ಯಾಟ್ ಅಳೆಯುವ ಯಂತ್ರ ಬಂದ ದಿನವೇ ಹಾಲಿನ ಫ್ಯಾಟ್ ಏರಿತೇ? ಇಲ್ಲ. ಯಂತ್ರ ತೋರಿಸಿದ ಅಂಕಿ ನೋಡಿ ನೀವು ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ಸರಿ ಮಾಡಿದಾಗ ಏರಿತು. ಅಂಕಿ ನೋಡಿ ಸುಮ್ಮನಿದ್ದವರ ಹಸು ಹಾಗೇ ಉಳಿಯಿತು. ಶಾಲೆಯ ಯಂತ್ರವೂ ಅಷ್ಟೇ.

ಸಂಘ ಮಾಡಬಹುದಾದದ್ದು

ಆಡಳಿತ ಮಂಡಳಿಯ ಮುಂದೆ ನನ್ನ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಒಂದು. ಶಾಲೆಯ ಮುಖ್ಯಶಿಕ್ಷಕರ ಹಾಗೂ ಎಸ್.ಡಿ.ಎಂ.ಸಿ.ಯವರ ಒಪ್ಪಿಗೆ ಪಡೆದು, ಮೂರರಿಂದ ಐದನೇ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿ ಒಂದು ಸಣ್ಣ ಕಥೆ ಓದಿಸಿ, ನಾಲ್ಕು ಲೆಕ್ಕ ಕೇಳಿ. ಯಾರು ಎಲ್ಲಿದ್ದಾರೆ ಎಂದು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡುವುದು ಬೇಡ. ಹೆಸರು ಕೂಗಿ ಅವಮಾನ ಮಾಡಲು ಇದಲ್ಲ. ಪಟ್ಟಿ ಶಿಕ್ಷಕರ ಕೈಯಲ್ಲೇ ಇರಲಿ.

ಎರಡು. ನಮ್ಮೂರಿನಲ್ಲಿ ಪಿ.ಯು.ಸಿ., ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಇಬ್ಬರಿಗೆ ಸಂಘದಿಂದ ಗೌರವಧನ ಕೊಟ್ಟು, ತರಬೇತಿ ಕೊಡಿಸಿ, ದಿನಕ್ಕೆ ಎರಡು ಗಂಟೆ ಹಿಂದುಳಿದ ಮಕ್ಕಳಿಗೆ ಕಲಿಸುವ ಏರ್ಪಾಡು ಮಾಡಿ. ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಹಣ ತೆಗೆದಿಡಿ. ವಡೋದರಾದ ಪಾಠ ಇದೇ.

ಮೂರು. ವಾರಕ್ಕೊಂದು ದಿನ ಡೈರಿಯ ಬಾಗಿಲು ಶಾಲೆಗೆ ತೆರೆದಿರಲಿ. ಮಕ್ಕಳು ಹಾಲು ಅಳೆಯಲಿ, ಲ್ಯಾಕ್ಟೋಮೀಟರ್ ಓದಲಿ, ಫ್ಯಾಟ್‌ನ ದಶಮಾಂಶ ಬರೆದುಕೊಳ್ಳಲಿ, ಬಟವಾಡೆಯ ಲೆಕ್ಕವನ್ನು ಬಾಯಲ್ಲೊಮ್ಮೆ, ಕಾಗದದಲ್ಲೊಮ್ಮೆ ಮಾಡಿ ತಾಳೆ ನೋಡಲಿ. ಸೇತುವೆ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಾಲ್ಕು. ಇಷ್ಟೆಲ್ಲ ಆದ ಮೇಲೆ ಹಣ ಉಳಿದರೆ ಟ್ಯಾಬ್ ತನ್ನಿ, ಬೋರ್ಡೂ ತನ್ನಿ. ಆದರೆ ಮಾರುವವರನ್ನು ಮೊದಲು ಕೇಳಿ: ಇದು ಮಗುವಿಗೆ ಬರಿ ತೋರಿಸುತ್ತದೆಯೋ, ಪ್ರಶ್ನೆ ಕೇಳುತ್ತದೆಯೋ? ಮಗುವಿನ ಮಟ್ಟಕ್ಕೆ ಇಳಿದು ಬರುತ್ತದೆಯೋ? ನಮ್ಮ ಕನ್ನಡದಲ್ಲಿ ಇದೆಯೋ? ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ? ಕರೆಂಟು ಹೋದ ದಿನ ಏನು? ಹಸು ಕೊಳ್ಳುವಾಗ ಹಲ್ಲು ನೋಡಿ, ಕರೆದು ನೋಡಿ ಕೊಳ್ಳುವ ಜನ ನಾವು. ಇಲ್ಲೂ ಹಾಗೇ ಮಾಡೋಣ. ಒಂದು ತರಗತಿಯಲ್ಲಿ ಮೂರು ತಿಂಗಳು ಇಟ್ಟು, ಮೊದಲೂ ಕೊನೆಗೂ ಮಕ್ಕಳನ್ನು ಪರೀಕ್ಷಿಸಿ, ಆಮೇಲೆ ಉಳಿದ ತರಗತಿಗೆ ಕೊಡೋಣ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಬೋರ್ಡು ತಂದರೆ ಫೋಟೋ ತೆಗೆಸಬಹುದು, ಶಿಲಾಫಲಕ ಹಾಕಬಹುದು, ವ್ಯಾನಿನಲ್ಲಿ ಹೋಗುವ ಮಕ್ಕಳು ವಾಪಸು ಬರಬಹುದು. ಇಬ್ಬರು ಹುಡುಗಿಯರಿಗೆ ಗೌರವಧನ ಕೊಟ್ಟರೆ ಯಾರಿಗೆ ಕಾಣುತ್ತದೆ? ಮಾತು ನಿಜ, ಬೇಗ ಕಾಣುವುದಿಲ್ಲ. ಆದರೆ ಒಂದು ಮಗು ಮನೆಗೆ ಬಂದ ಡೈರಿ ಪಾಸ್‌ಬುಕ್ ಅನ್ನು ಅಜ್ಜಿಗೆ ಗಟ್ಟಿಯಾಗಿ ಓದಿ, ಲೆಕ್ಕ ತಾಳೆ ನೋಡಿ ಹೇಳಿದ ದಿನ ಆ ಮನೆಗೆ ಕಾಣುತ್ತದೆ. ಪಕ್ಕದ ಮನೆಗೂ ಕೇಳಿಸುತ್ತದೆ. ಊರ ಶಾಲೆಯ ಮೇಲೆ ನಂಬಿಕೆ ಹಾಗೆ ಬರಬೇಕು.

ಸಹಕಾರ ಎಂದರೆ ಒಬ್ಬರ ಕೈಯಲ್ಲಿ ಆಗದ್ದನ್ನು ಹತ್ತು ಜನ ಸೇರಿ ಮಾಡುವುದು. ಅರ್ಧ ಲೀಟರ್ ತಂದವರ ಹಾಲನ್ನೂ ಹತ್ತು ಲೀಟರ್ ತಂದವರ ಹಾಲನ್ನೂ ಒಂದೇ ಅಳತೆಯಲ್ಲಿ ಅಳೆದ ಸಂಘ ಇದು. ಹಿಂದೆ ಕುಳಿತ ಮಗುವನ್ನೂ ಅದೇ ಗೌರವದಿಂದ ನೋಡೋಣ.

ಜೈ ಸಹಕಾರ.